ನೆಗಡಿಯಲ್ಲದ ನೆಗಡಿ

“ಈ ನೆಗಡಿ ಯಾವಾಗ ಸುರು ಆತು?” ಎಂದು ಕಾಡಪ್ಪ ಕೇಳಿದ.

ನರ್ಸ್ ಪ್ರಫುಲ್ಲಾ ಬೆಂಚಿನ ಮೇಲೆ ಕೂತಲ್ಲಿಂದಲೇ ಅವನ ಕೈಯಲ್ಲಿದ್ದ ತನ್ನ ನೋಟ್‌ಬುಕ್ಕಿನ ಕಡೆ ನೋಡಿದಳು. “ಬರೆದದ್ದು ಉಂಟಲ್ಲ. ಜುಲೈ ಹನ್ನೆರಡು.”

“ಬರದದ್ದು ಓದೀನಿ. ನಿಮ್ಮ ಬಾಯಿಲೆ ಕೇಳಬೇಕು.”

“ಬೆಳಿಗ್ಗೆ ನಾನು ಬಂದಾಗ ಆಕಳಿಸುತ್ತಾ ಇದ್ದರು. ಒಂದರ ಹಿಂದೆ ಒಂದು. ಸೀನು, ಕಣ್ಣಲ್ಲಿ ಮೂಗಲ್ಲಿ ನೀರು. ಮೈಯೆಲ್ಲ ಮುಳ್ಳು ಎದ್ದಿತ್ತು. ಸಂಜೆಗೆ ಹೊಟ್ಟೆಯೂ ಕೆಟ್ಟಿತು. ಊರಿಗೆಲ್ಲ ಮಳೆಗಾಲದ ನೆಗಡಿ ಇತ್ತು. ಡಾಕ್ಟರೂ ಅದೇ ಅಂದರು.”

ಮಹಡಿಯಿಂದ ನರಳಾಟ ಕೇಳಿಬಂತು. ಪ್ರಫುಲ್ಲಾ ಏಳಲು ಹೋದಳು. ಬಾಗಿಲಲ್ಲಿದ್ದ ಪೊಲೀಸ ಕೈ ಅಡ್ಡ ಮಾಡಿದ. ಅವಳು ಮತ್ತೆ ಕೂತಳು.

ಭವಾನಿ ಪೇಟೆಯ ಮೆಣಸಿನಕಾಯಿ ವ್ಯಾಪಾರಿ ರಾಮಲಿಂಗಪ್ಪನಿಗೆ ತೊಡೆಯ ಎಲುಬಿನಲ್ಲಿ ವಾಸಿಯಾಗದ ಗಡ್ಡೆ. ಶುಕ್ರವಾರ ನಾಲ್ಕು ಗಂಟೆಗೆ ಪ್ರಫುಲ್ಲಾ ಕೊಟ್ಟ ಮಾರ್ಫಿಯಾ ಸೂಜಿಯಿಂದ ಅವನ ಉಸಿರು ನಿಂತೇ ಹೋಗುವುದರಲ್ಲಿತ್ತು. ಇಂದು ಭಾನುವಾರ, ಸಂಜೆ ಐದಕ್ಕೆ ಫೌಜದಾರ ಪ್ರಲ್ಹಾದರಾವ್ ಅವಳನ್ನು ಕರೆದೊಯ್ಯಲು ಬರುವವನಿದ್ದ.

ಈಗ ಮೂರು ಗಂಟೆ.

ಕಾಡಪ್ಪ ವಿಜಾಪುರದವನು. ಅಬಕಾರಿ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಪುಣೆಯಲ್ಲೇ ಉಳಿದವನು. ಅವನನ್ನು ಈ ಮನೆಗೆ ಕರೆಸಿದವರು ರಾಮಲಿಂಗಪ್ಪನಿಗೆ ಮದ್ದು ಮಾಡುತ್ತಿದ್ದ ಡಾಕ್ಟರ್ ದೇವದಾಸ್. ಅವರು ಎದುರಿನ ಕುರ್ಚಿಯಲ್ಲಿ ಎರಡು ದಿನದ ಗಡ್ಡದೊಂದಿಗೆ ಕೂತಿದ್ದರು.

ಕಾಡಪ್ಪ ನೋಟ್‌ಬುಕ್ಕನ್ನು ಮೊದಲಿನಿಂದ ತಿರುವಿದ. ಅಂಥ ಬರಹವನ್ನು ಅವನು ಕಂಡಿರಲಿಲ್ಲ. ದಿನಕ್ಕೆ ಮೂರು ಸೂಜಿ. ಪ್ರತಿ ಸೂಜಿಗೂ ಮುಂಚೆ ಒಂದು ಸಾಲು, ಅರ್ಧ ತಾಸಿನ ಬಳಿಕ ಇನ್ನೊಂದು ಸಾಲು. ನಿಮಿಷಕ್ಕೆ ಉಸಿರೆಷ್ಟು, ಕಣ್ಣಿನ ಪಾಪೆ ಹಿಗ್ಗಿದೆಯೋ ಕುಗ್ಗಿದೆಯೋ, ನೋವು ಎಷ್ಟು.

ನೋವಿನ ಕೆಳಗೆ ಆಣೆಗಳಿದ್ದವು. ಹನ್ನೆರಡು ಆಣೆ. ಐದು ಆಣೆ.

“ಇದೇನ್ರಿ ಆಣೆ?”

“ನೋವು ಎಷ್ಟು ಅಂತ ಕೇಳಿದರೆ ಅವರಿಗೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಭಾಳ, ಭಾಳ ಅಂತಲೇ ಹೇಳುವುದು. ಆಮೇಲೆ ನಾನು ಕೇಳಿದೆ, ರೂಪಾಯಿಗೆ ಎಷ್ಟು ಆಣೆ ನೋವು ಯಜಮಾನರೇ ಅಂತ. ಕೂಡಲೇ ಹೇಳಿದರು, ಹದಿಮೂರು.”

ಮೊದಲ ಐದು ವಾರ ಎಲ್ಲ ಸರಿಯಾಗಿತ್ತು. ಕಾಲು ಗ್ರೇನ್ ಮಾರ್ಫಿಯಾ ಗುಳಿಗೆ, ನೀರಲ್ಲಿ ಕರಗಿಸಿ ಚುಚ್ಚಿದ್ದು. ಸೂಜಿಗೆ ಮುಂಚೆ ಉಸಿರು ಹದಿನೆಂಟು, ನಂತರ ಹದಿನಾರು. ಪಾಪೆ ಸಣ್ಣದು. ಹನ್ನೆರಡು ಆಣೆಯ ನೋವು ಐದಕ್ಕೆ ಇಳಿದಿದೆ. ರೋಗಿ ಹಾಸಿಗೆಯಲ್ಲಿ ಕೂತು ಅಂಗಡಿಯ ಮಾತಾಡಿದ್ದಾನೆ, ರೊಟ್ಟಿ ತಿಂದಿದ್ದಾನೆ.

ಜುಲೈ ಹನ್ನೆರಡಕ್ಕೆ ನೆಗಡಿ. ಅಲ್ಲಿಂದ ಆಚೆ ಉಸಿರು ಸೂಜಿಗೆ ಮುಂಚೆ ಹದಿನೆಂಟು, ಸೂಜಿಯ ನಂತರವೂ ಹದಿನೆಂಟು. ಪಾಪೆ ದೊಡ್ಡದು. ನೋವು ಹದಿಮೂರು ಇದ್ದದ್ದು ಹದಿಮೂರೇ. ಒಂದು ವಾರ ಕಾದು ಡಾಕ್ಟರ್ ಅರ್ಧ ಗ್ರೇನ್ ಬರೆದಿದ್ದಾರೆ. ಮೂರನೇ ವಾರಕ್ಕೆ ಮುಕ್ಕಾಲು.

ಆಮೇಲೆ ಶುಕ್ರವಾರ. ಅದೇ ಮುಕ್ಕಾಲು ಗ್ರೇನ್. ಉಸಿರು ಆರು. ಪಾಪೆ ಸೂಜಿಯ ಮೊನೆಯಷ್ಟು. ತುಟಿ ನೀಲಿ.

ಕಾಡಪ್ಪ ಪುಸ್ತಕ ಮಡಿಚಿದ.

“ಡಾಕ್ಟರ ಸಾಹೇಬ್ರ, ನಾ ನೌಕರಿಗೆ ಸೇರಿದ ಹೊಸದರಾಗ ಒಂದ ಅಫೀಮಿನ ಅಂಗಡಿ ನನ್ನ ಕೈಯಾಗಿತ್ತು. ಲೈಸನ್ಸ ಇದ್ದವರಿಗೆ ಅಳತಿ ಮಾಡಿ ಕೊಡೂದು. ಒಮ್ಮೆ ಸರಕ ಬರಲಿಲ್ಲ, ಮೂರ ದಿನ ಬಾಗಲಾ ಹಾಕಿದ್ವಿ. ಮೂರನೇ ದಿನ ಬಾಗಲಾ ತಗದ್ರ ಹೊರಗ ನಲವತ್ತು ಮಂದಿ ನಿಂತಿದ್ರು. ನಲವತ್ತೂ ಮಂದಿ ಆಕಳಸಲಿಕ್ಕೆ ಹತ್ತಿದ್ರು. ಎಲ್ಲರ ಮೂಗೂ ಸೋರತಿತ್ತು, ಎಲ್ಲರ ಮೈಮ್ಯಾಲೂ ಮುಳ್ಳು. ಸುಡು ಬ್ಯಾಸಗಿ ಅದು.”

ದೇವದಾಸ್ ನಿಧಾನಕ್ಕೆ ಎದ್ದು ನಿಂತರು.

“ಅಂದರೆ ಹನ್ನೆರಡನೇ ತಾರೀಖಿನಿಂದ ಅವರಿಗೆ ಮಾರ್ಫಿಯಾ ಸಿಗಲೇ ಇಲ್ಲ,” ಎಂದರು. “ಸೂಜಿಯಲ್ಲಿ ಬೇರೆ ಎಂತದೋ ಇತ್ತು. ನಾನು ಪ್ರಮಾಣ ಹೆಚ್ಚು ಮಾಡುತ್ತಾ ಹೋದೆ. ಆ ಮೈ ಮೊದಲ ಐದು ವಾರದಲ್ಲಿ ಔಷಧಕ್ಕೆ ಒಗ್ಗಿಕೊಂಡಿತ್ತು. ಮೂರು ವಾರ ಸಿಗದೆ ಹೋದರೆ ಒಗ್ಗಿದ್ದೆಲ್ಲ ಹೋಗುತ್ತದೆ. ಶುಕ್ರವಾರ ನಿಜವಾದ ಗುಳಿಗೆ ಬಂತು. ಹೊಸ ಮೈಗೆ ಒಮ್ಮೆಲೇ ಮುಕ್ಕಾಲು ಗ್ರೇನ್.”

“ನಾನು ಕೊಟ್ಟದ್ದು,” ಎಂದಳು ಪ್ರಫುಲ್ಲಾ.

“ನಾನು ಬರೆದದ್ದು. ಕಾಗದ ನೋಡಿದೆ, ಕಣ್ಣಿನ ಪಾಪೆ ಯಾಕೆ ದೊಡ್ಡದು ಅಂತ ಕೇಳಲಿಲ್ಲ.”

ಮೇಲಿನ ನರಳಾಟ ಕೂಗಾಯಿತು. ಶುಕ್ರವಾರದಿಂದ ಯಾರೂ ಆ ಮನುಷ್ಯನಿಗೆ ಸೂಜಿ ಹಾಕಿರಲಿಲ್ಲ. ಫೌಜದಾರ ಬೇಡವೆಂದಿರಲಿಲ್ಲ. ಡಾಕ್ಟರ ಕೈಯೇ ಏಳುತ್ತಿರಲಿಲ್ಲ. ಅವರ ಕಿಸೆಯಲ್ಲಿ ಮಾರ್ಫಿಯಾ ಗುಳಿಗೆಯ ಹೊಸ ಗಾಜಿನ ನಳಿಗೆ ಎರಡು ದಿನದಿಂದ ಒಡೆಯದೆ ಬಿದ್ದಿತ್ತು.

“ಗುಳಿಗೆ ಬದಲಾದವು ಅಂದರೆ ಫೌಜದಾರರು ಏನು ಹೇಳುತ್ತಾರೆ ಗೊತ್ತುಂಟಾ?” ಪ್ರಫುಲ್ಲಾ ಕೇಳಿದಳು. “ನರ್ಸ್ ಮಾರ್ಫಿಯಾ ಕದ್ದು ಮಾರಿಕೊಂಡಳು, ರೋಗಿಗೆ ಸಕ್ಕರೆ ಚುಚ್ಚಿದಳು ಅಂತ. ಮೊದಲು ಒಂದೇ ತಪ್ಪು ಇತ್ತು. ಈಗ ಎರಡು.”

“ಕಳ್ಳಿ ಆದಾಕಿ ತನ್ನ ಕಳವಿನ ಸಾಕ್ಷಿ ತಾನ ದಿನಕ್ಕ ಆರ ಸಲ ಬರದ ಇಡೂದಿಲ್ರಿ. ಗುಳಿಗಿ ಎಲ್ಲಿ ಇಡತಿದ್ರಿ?”

“ಮೇಲೆ, ಅವರ ಕೋಣೆಯ ಕಪಾಟಿನಲ್ಲಿ. ತಗಡಿನ ಡಬ್ಬಿ, ಬೀಗ ಹಾಕಿ. ಕೀಲಿ ನನ್ನ ಕೊರಳಲ್ಲೇ ಇರುವುದು.”

“ಬೀಗ ಯಾರು ತಂದದ್ದು?”

“ಯಜಮಾನರೇ ತರಿಸಿಕೊಟ್ಟದ್ದು. ಔಷಧ ಬೀಗದಲ್ಲಿ ಇರಬೇಕು ಅಂತ ಡಾಕ್ಟರು ಹೇಳಿದಾಗ, ಮನೆಗೂ ಒಂದು ಬೇಕು ಅಂತ ಜೋಡಿ ತರಿಸಿದರು.”

ಕಾಡಪ್ಪ ಅವಳ ಕೊರಳಿನ ಕೀಲಿಯನ್ನು ಕೇಳಲಿಲ್ಲ. ಮಹಡಿ ಹತ್ತಿ ಡಬ್ಬಿಯನ್ನಷ್ಟೇ ತಂದ. ಅಲಿಗಢದ ಸಣ್ಣ ಹಿತ್ತಾಳೆ ಬೀಗ. ಅದರ ಬೆನ್ನ ಮೇಲೆ ನಂಬರು ಕೊರೆದಿತ್ತು. ಜೋಡಿ ಬೀಗಗಳಿಗೆ ನಂಬರು ಒಂದೇ ಆದರೆ ಕೀಲಿಯೂ ಒಂದೇ. ಡಬ್ಬಿ ಹಿಡಿದು ಅವನು ಅಡುಗೆಮನೆಯ ಕಡೆ ಹೊರಟ.

ರಾಮಲಿಂಗಪ್ಪನ ಹೆಂಡತಿ ಚನ್ನಬಸವ್ವ ಒಲೆಯ ಮುಂದೆ ಕೂತು ಕಲ್ಲುಪ್ಪು ಹುರಿಯುತ್ತಿದ್ದಳು. ನಲವತ್ತೆರಡರ ಹೆಂಗಸು, ಮಕ್ಕಳಿಲ್ಲದವಳು. ಎರಡು ರಾತ್ರಿ ನಿದ್ದೆಗೆಟ್ಟು ಕಣ್ಣು ಒಳಗಿಳಿದಿದ್ದವು. ಪಕ್ಕದಲ್ಲಿ ದಪ್ಪ ಬಟ್ಟೆಯ ಚೀಲ, ಔಡಲ ಎಲೆ, ಎಣ್ಣೆಯ ಬಟ್ಟಲು ಇದ್ದವು.

“ಕೂಡ್ರಿ ಅಣ್ಣಾರ. ಶಾಖ ಕೊಟ್ಟ ಬರ್ತೀನಿ. ಇದೊಂದರಲೆ ಒಂದೀಟ ಕಣ್ಣ ಮುಚ್ಚತಾರ.”

“ಉಪ್ಪು ಇನ್ನಾ ಕಾಯಬೇಕಲ್ಲ. ಅಲ್ಲೀತನಾ ಮಾತಾಡೂಣು. ನರ್ಸಬಾಯಿ ಹ್ಯಾಂಗ?”

“ಹ್ಯಾಂಗಂದ್ರ? ಬರ್ತಿದ್ಲು. ಚುಚ್ಚತಿದ್ಲು. ಹೋಗತಿದ್ಲು.” ಅವಳು ಸೌಟು ಜೋರಾಗಿ ತಿರುವಿದಳು. “ಈಗ ಏನ ಮಾಡ್ಯಾಳ ಊರಿಗೇ ಗೊತ್ತಾಗೇದಲ್ರಿ.”

“ನಿಮ್ಮ ಸೊಂಟದ ಕೀಲಿಗೊಂಚಲ ಕೊಡ್ರಿ.”

ಸೌಟು ನಿಂತಿತು. ಚನ್ನಬಸವ್ವ ಗೊಂಚಲನ್ನು ಬಿಚ್ಚಿ ನೆಲದ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ಕಾಡಪ್ಪ ಒಂದೊಂದೇ ಕೀಲಿ ನೋಡುತ್ತಾ ಹೋದ. ಐದನೆಯದು ಹಿತ್ತಾಳೆಯದು, ಅದೇ ನಂಬರಿನದು. ಡಬ್ಬಿಯ ಬೀಗಕ್ಕೆ ಹಾಕಿದ. ತಿರುಗಿತು.

“ಒಂದ ಕೀಲಿ ಎರಡ ಬೀಗಕ್ಕ ಹತ್ತಿದ್ರ ನಾ ಕಳ್ಳಿ ಆದ್ನೇನ್ರಿ?”

“ನಾ ಹಂಗಂದಿಲ್ಲ.”

“ಮತ್ತ?”

ಕಾಡಪ್ಪ ಮಣೆಯ ಮೇಲೆ ಕೂತ. ಹೇಳಲೋ ಬೇಡವೋ ಎಂದು ತುಸು ಹೊತ್ತು ಒಲೆಯ ಕೆಂಡವನ್ನೇ ನೋಡಿದ. ಈ ಮಾತನ್ನು ಅವನು ತನ್ನ ಹೆಂಡತಿಗೂ ಅವಳು ಬದುಕಿರುವಾಗ ಹೇಳಿರಲಿಲ್ಲ.

“ನನ್ನ ಸಂಗಾಟ ಮುರುಗೆಪ್ಪ ಅಂತ ಒಬ್ಬ ಇದ್ದ, ತಂಗಿ. ಒಂದ ದಿನ ನೌಕರಿಗೆ ಸೇರಿದವರು, ಒಂದ ತಾಟಿನ್ಯಾಗ ಉಂಡವರು. ಅವಗ ಬಡತಿ ಆಗಿ ಮ್ಯಾಲಿನ ಕುರ್ಚಿ ಸಿಕ್ಕಿತು, ನನಗ ಸಿಗಲಿಲ್ಲ. ಸಾಹೇಬ ಅವನ ಹೆಸರ ಹಿಡದ ಕರದ್ರ ನನ್ನ ಎದಿಯಾಗ ಕೊಳ್ಳಿ ಇಟ್ಟಂಗ ಆಗತಿತ್ತು. ಒಂದ ದಿನ ಹೆಸರಿಲ್ಲದ ಕಾಗದ ಬರದ ಹಾಕಿದೆ. ಮುರುಗೆಪ್ಪ ಲಂಚಾ ತಿಂತಾನ ಅಂತ. ಸುಳ್ಳ. ಚೌಕಶಿ ಆತು, ನೌಕರಿ ಹೋತು. ಆ ಮ್ಯಾಲೆ ಅವ ಎಲ್ಲಿ ಹ್ವಾದ, ಏನಾದ, ನನಗ ಇವತ್ತಿಗೂ ಗೊತ್ತಿಲ್ಲ. ಹೊಟ್ಟಿಕಿಚ್ಚು ಮನಷಾನ ಕೈಲೆ ಏನ ಮಾಡಸತದ ಅಂತ ನನಗ ಪುಸ್ತಕ ಓದಿ ತಿಳಕೋಬೇಕಾಗಿಲ್ಲ.”

ಬಾಣಲೆಯ ಉಪ್ಪು ಚಟಪಟ ಸಿಡಿಯಿತು. ಚನ್ನಬಸವ್ವ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದಳು.

“ಮೂರೂವರಿ ಆತಂದ್ರ ಗಡಿಯಾರ ನೋಡಲಿಕ್ಕೆ ಸುರು ಮಾಡ್ತಿದ್ರು,” ಎಂದಳು. “ತಲಿ ಬಾಚು ಅಂತಿದ್ರು. ನನ್ನ ಕೈಲೇ ಬಾಚಿಸಿಕೊಳ್ಳತಿದ್ರು. ಅಂಗಿ ಬದಲಸು, ಈ ಅಂಗಿ ಎಣ್ಣಿ ವಾಸನಿ ಹೊಡೀತದ ಅಂತಿದ್ರು. ಮೆಟ್ಟಲದಾಗ ಆಕಿ ಚಪ್ಪಲಿ ಸಪ್ಪಳ ಆದ್ರ ಮಾರಿ ಅರಳತಿತ್ತು. ಇಪ್ಪತ್ತಾರು ವರ್ಷ ಆತು ನಾ ಈ ಮನಿಗೆ ಬಂದು. ನನ್ನ ಹೆಜ್ಜಿ ಸಪ್ಪಳಕ್ಕ ಅವರು ತಲಿ ಎತ್ತಿದ್ದ ನಾ ಒಂದ ದಿನಾ ಕಂಡಿಲ್ಲ.”

“ಅವರು ಕಾಯತಿದ್ದದ್ದ ಸೂಜಿಗೆ, ತಂಗಿ.”

“ಸೂಜಿ ಆಕಿ ಕೈಯಾಗ ಇತ್ತಲ್ರಿ.”

ಅವಳು ಬಾಣಲೆಯನ್ನು ಕೆಳಗಿಳಿಸಿದಳು.

“ಆಕಿ ಬರೋಕಿಂತ ಮದಲ ಈ ಕೈಲೇ ಶಾಖ ಕೊಡತಿದ್ನಿ. ಕಾಲಿನ ಅಡಿ ದಿಂಬ ಹ್ಯಾಂಗ ಇಟ್ರ ಹಿತಾ ಅಂತ ನನಗ ಗೊತ್ತಿತ್ತು. ಆಕಿ ಬಂದ ಮ್ಯಾಲೆ ನಾ ಬಾಗಲದಾಗ ನಿಂತಾಕಿ. ಅವರ ಕೈ ಹಿಡದ ನಾಡಿ ನೋಡ್ತಾಳ, ಎದಿ ನೋಡಕೋತ ಉಸರ ಎಣಸತಾಳ, ಕಣ್ಣಾಗ ಕಣ್ಣಿಟ್ಟ ನೋಡ್ತಾಳ. ಎಷ್ಟ ಆಣೆ ಯಜಮಾನ್ರ ಅಂತಾಳ. ಇವರು ನಗತಾರ. ನನ್ನ ಮುಂದ ನಕ್ಕ ಎಷ್ಟ ದಿನ ಆತು ಅಂತ ನಾ ಎಣಿಸಿದೆ.”

“ಆಮ್ಯಾಲೆ ಗುಳಿಗಿ ಬದಲ ಮಾಡಿದ್ರಿ.”

“ಮಾಡಿದ್ನಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಆಕಿ ಸೂಜಿಯಾಗ ಏನೂ ಇಲ್ಲಂತ ಅವರಿಗೆ ತಿಳೀಲಿ ಅಂತ. ಆಕಿ ಬಂದ್ರೂ ನೋವ ಹೋಗಲಿಲ್ಲಂದ್ರ ನನ್ನ ಕರೀತಾರ ಅಂತ. ಅವರ ಜೀವಕ್ಕ ಏನರ ಆಗ್ಲಿ ಅಂತ ನಾ ಬಯಸಿಲ್ರಿ. ಹೊಸಾ ನಳಗಿ ಬಂದಾಗೊಮ್ಮೆ ಅದರಾಗಿನ ಗುಳಿಗಿ ತಗದು ಸುಳ್ಳ ಗುಳಿಗಿ ತುಂಬತಿದ್ನಿ. ನೋಡಲಿಕ್ಕೆ ಎರಡೂ ಒಂದ.”

“ಹಂಗಾದ್ರ ಶುಕ್ರವಾರ ಖರೇ ಗುಳಿಗಿ ಎಲ್ಲಿಂದ ಬಂತು?”

“ಅದ ನನಗ ತಿಳೀವಲ್ದು. ಗುರುವಾರ ದಿನಾನೂ ನಾ ಸುಳ್ಳವನ್ನ ತುಂಬೀನಿ.”

“ಯಾವು? ಹಳೇವೋ, ಹೊಸಾವೋ?”

ಅವಳು ಯೋಚಿಸಿದಳು. “ಹೊಸಾವು. ಹಳೇವು ಮಳಿ ಥಂಡಿಗೆ ಕರಗತಾವ, ಇನ್ನ ಮ್ಯಾಲೆ ಇವನ್ನ ಹಾಕ್ರಿ ಅಂತ ಈ ಸೋಮವಾರ ಬ್ಯಾರೆ ಪುಡಕಿ ಕೊಟ್ರು.”

“ಹಳೇವು ಉಳದಾವೇನು?”

ದೇವರ ಜಗಲಿಯ ಮೇಲಿದ್ದ ತನ್ನ ಒಡವೆಯ ಪೆಟ್ಟಿಗೆಯಿಂದ ಅವಳು ಕಾಗದದ ಪೊಟ್ಟಣ ತಂದಳು. ಒಳಗೆ ಸಾಸಿವೆಗಿಂತ ತುಸು ದೊಡ್ಡ ನಾಲ್ಕು ಬಿಳಿ ಗುಳಿಗೆ. ಕಾಡಪ್ಪ ಒಂದನ್ನು ನಾಲಿಗೆಗೆ ಮುಟ್ಟಿಸಿದ. ಸಿಹಿ. ಡಬ್ಬಿಯಲ್ಲಿದ್ದ ಶುಕ್ರವಾರದ ನಳಿಗೆಯ ಗುಳಿಗೆಯನ್ನು ಮುಟ್ಟಿಸಿದ. ಬೇವನ್ನು ಮೀರಿಸುವ ಕಹಿ. ಬಚ್ಚಲಲ್ಲಿ ಉಗುಳಿ, ಬಾಯಿ ಮುಕ್ಕಳಿಸಿ ಬಂದ.

“ನೀವು ಗುರುವಾರ ತುಂಬಿದ್ದ ಖರೇ ಮಾರ್ಫಿಯಾ, ತಂಗಿ. ಮೂರ ವಾರ ಸಕ್ಕರಿ ಕೊಡಸಿ, ಸೂಜಿ ಅಳತಿ ಮುಕ್ಕಾಲಕ್ಕ ಏರೂತನಾ ಕಾದು, ಆಮ್ಯಾಲೆ ನಿಮ್ಮ ಕೈಲೇ ವಿಷಾ ತುಂಬಸ್ಯಾರ. ಯಾರು ಕೊಟ್ರು?”

ಚನ್ನಬಸವ್ವನ ಮುಖದಿಂದ ರಕ್ತ ಇಳಿದುಹೋಯಿತು. ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು.

“ಯಾರು, ತಂಗಿ?”

“ಲಿಂಗಾ ಮುಟ್ಟಿ ಆಣಿ ಮಾಡೀನ್ರಿ. ಹೆಸರ ಹೇಳಂಗಿಲ್ಲ.”

ಗೋಡೆಯಾಚೆ ಗಡಿಯಾರ ನಾಲ್ಕು ಹೊಡೆಯಿತು. ಮೇಲಿನಿಂದ ರಾಮಲಿಂಗಪ್ಪ ಏನೋ ಕೂಗಿದ. ಮಾತು ಸ್ಪಷ್ಟವಿರಲಿಲ್ಲ.

ಕಾಡಪ್ಪ ಒತ್ತಾಯ ಮಾಡಲಿಲ್ಲ. ಪ್ರಫುಲ್ಲಾಳ ಪುಸ್ತಕ ತೆರೆದು, ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳತೊಡಗಿದ.

“ಜೂನ್ ಹತ್ತೊಂಬತ್ತು. ಮನೆಯವರು ಉಪ್ಪಿನ ಶಾಖ ಕೊಟ್ಟರು. ನೋವು ಒಂಬತ್ತು ಆಣೆಯಿಂದ ಆರಕ್ಕೆ ಇಳಿಯಿತು. ಸೂಜಿಯನ್ನು ಒಂದೂವರೆ ತಾಸು ಮುಂದೂಡಲು ಸಾಧ್ಯವಾಯಿತು.

“ಜೂನ್ ಇಪ್ಪತ್ತೇಳು. ದಿಂಬು ಇಡುವ ರೀತಿ ಅವರ ಹೆಂಡತಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಅವಳು ಕೂತ ರಾತ್ರಿ ರೋಗಿ ನಿದ್ದೆ ಮಾಡುತ್ತಾರೆ.

“ಜುಲೈ ನಾಲ್ಕು. ಶಾಖವೂ ಹೆಂಡತಿಯ ಕೈಯೂ ಇದ್ದರೆ ಸೂಜಿಯ ಪ್ರಮಾಣ ಹೆಚ್ಚು ಮಾಡಬೇಕಾಗಿಲ್ಲ ಎಂದು ಡಾಕ್ಟರಿಗೆ ತಿಳಿಸಿದ್ದೇನೆ. ಆದರೆ ನಾನು ಬಂದಾಗ ಅವಳು ಕೋಣೆಯೊಳಗೆ ಬರುವುದಿಲ್ಲ. ಯಾಕೆಂದು ತಿಳಿಯುತ್ತಿಲ್ಲ.”

ಚನ್ನಬಸವ್ವ ಕೇಳುತ್ತಾ ಕೂತಳು. ಮೂರನೆಯದು ಮುಗಿದಾಗ ಸೆರಗು ಬಾಯಿಗೆ ಒತ್ತಿಕೊಂಡಳು.

“ಏಳ್ರಿ,” ಎಂದ ಕಾಡಪ್ಪ. “ಉಪ್ಪು ಆರತದ.”

ಪೊಲೀಸನಿಗೆ ಮರಾಠಿಯಲ್ಲಿ ಎರಡು ಮಾತು ಹೇಳಿ ಅವನು ಪ್ರಫುಲ್ಲಾಳನ್ನು ಮೇಲೆ ಕರೆದೊಯ್ದ. ಡಾಕ್ಟರು ಹಿಂದೆ ಬಂದರು. ಅಡುಗೆಮನೆಯಲ್ಲಿ ತಿಳಿದದ್ದನ್ನು ಮೆಟ್ಟಿಲ ಮೇಲೇ ಅವರಿಬ್ಬರಿಗೂ ಹೇಳಿದ. ಪ್ರಫುಲ್ಲಾ ಒಂದು ಕ್ಷಣ ಕಂಬಿ ಹಿಡಿದು ನಿಂತಳು, ಆಮೇಲೆ ಹತ್ತಿದಳು.

ರಾಮಲಿಂಗಪ್ಪ ಮಂಚದ ಅಂಚನ್ನು ಎರಡೂ ಕೈಯಿಂದ ಹಿಡಿದಿದ್ದ. ಒಂದು ಕಾಲದಲ್ಲಿ ಮೆಣಸಿನಕಾಯಿಯ ಚೀಲವನ್ನು ಒಬ್ಬನೇ ಎತ್ತುತ್ತಿದ್ದ ತೋಳುಗಳು ಅವು. ಈಗ ಚರ್ಮ ಜೋಲುತ್ತಿತ್ತು.

“ಎಷ್ಟು ಆಣೆ ಯಜಮಾನರೇ?” ಪ್ರಫುಲ್ಲಾ ಕೇಳಿದಳು.

“ಹದಿನಾರೂ,” ಎಂದ ಅವನು ಹಲ್ಲು ಕಚ್ಚಿ.

ದೇವದಾಸ್ ಹೊಸ ನಳಿಗೆ ಒಡೆದರು. “ಮೊದಲಿಂದ ಶುರು ಮಾಡಬೇಕು,” ಎಂದರು, ಅರ್ಧ ತಮಗೆ ತಾವೇ. “ಕಾಲು ಕೂಡ ಅಲ್ಲ. ಅದರ ಅರ್ಧ. ಆಮೇಲೆ ನೋಡುವುದು, ಉಸಿರು ನೋಡಿ ಮುಂದಿನದು.”

“ಭಯ ಇಲ್ಲದೆ ಕೊಡಿ,” ಎಂದಳು ಪ್ರಫುಲ್ಲಾ. “ಕೊಡದೆ ಇದ್ದರೂ ಅವರು ಸಾಯುತ್ತಾರೆ, ಹೀಗೆ ಕೂಗಿ ಕೂಗಿ.”

ಸೂಜಿಯನ್ನು ಡಾಕ್ಟರೇ ಹಾಕಿದರು. ಚನ್ನಬಸವ್ವ ಬಾಗಿಲಲ್ಲಿ ನಿಂತಿದ್ದಳು, ಬಿಸಿ ಉಪ್ಪಿನ ಚೀಲವನ್ನು ಎದೆಗೆ ಅವುಚಿಕೊಂಡು. ಪ್ರಫುಲ್ಲಾ ತಿರುಗಿ ನೋಡಿದಳು. ಇಬ್ಬರ ನಡುವೆ ಮೂರು ಹೆಜ್ಜೆಯ ನೆಲವಿತ್ತು.

“ಬನ್ನಿ ಅಕ್ಕಾ. ಸೂಜಿ ಹಿಡಿಯಲಿಕ್ಕೆ ಇಪ್ಪತ್ತು ನಿಮಿಷ ಬೇಕು. ಅಲ್ಲಿವರೆಗೆ ನಿಮ್ಮದೇ ಕೆಲಸ.”

ಚನ್ನಬಸವ್ವ ಒಳಗೆ ಬಂದಳು. ತೊಡೆಯ ಕೆಳಗೆ ದಿಂಬು ಸರಿಸಿದಳು, ಗಡ್ಡೆಯ ಜಾಗ ಬಿಟ್ಟು ಸೊಂಟದ ಹತ್ತಿರ ಔಡಲ ಎಲೆ ಹಾಸಿ ಚೀಲ ಇಟ್ಟಳು. ಅವಳ ಕೈ ಎಲ್ಲಿಯೂ ತಡೆಯಲಿಲ್ಲ. ಪ್ರಫುಲ್ಲಾ ತನ್ನ ಗಡಿಯಾರ ಬಿಚ್ಚಿ ಅವಳ ಮುಂದೆ ಹಿಡಿದಳು.

“ಎದೆ ಏರುವುದು ಇಳಿಯುವುದು ಸೇರಿ ಒಂದು. ಈ ಸೆಕೆಂಡಿನ ಸಣ್ಣ ಮುಳ್ಳು ಒಂದು ಸುತ್ತು ಬರುವಷ್ಟರಲ್ಲಿ ಎಷ್ಟಾಗುತ್ತದೆ ಎಣಿಸಿ. ಹನ್ನೆರಡಕ್ಕಿಂತ ಕೆಳಗೆ ಬಂದರೆ ಸೂಜಿ ಬೇಡ, ಡಾಕ್ಟರಿಗೆ ಹೇಳಿ ಕಳಿಸಿ. ಕರೆದರೆ ಕಣ್ಣು ಬಿಡದಿದ್ದರೂ ಹಾಗೇ. ನೆನಪಿರುತ್ತದಾ?”

“ನನಗ ಯಾಕ ಹೇಳತೀರಿ?”

“ನಾಳೆ ನಾನು ಇರುವುದಿಲ್ಲ. ಯಾರಾದರೂ ಎಣಿಸಬೇಕಲ್ಲ.”

ಅರ್ಧ ತಾಸಿನಲ್ಲಿ ಮಂಚದ ಅಂಚನ್ನು ಹಿಡಿದ ಬೆರಳುಗಳು ಸಡಿಲಾದವು. ಚನ್ನಬಸವ್ವ ಹದಿನೇಳು ಎಣಿಸಿದಳು, ಪ್ರಫುಲ್ಲಾಳೂ ಹದಿನೇಳು ಎಣಿಸಿದಳು. ನೋವು ಎಂಟು ಆಣೆ ಎಂದ ರಾಮಲಿಂಗಪ್ಪ. ಕಣ್ಣು ಮುಚ್ಚುತ್ತಾ ಮತ್ತೇನೋ ಗುನುಗಿದ. ಎಲ್ಲರೂ ಬಾಗಿದರು.

“ನರ್ಸಬಾಯಿ ಬಂದ್ಳೇನು?”

ಚನ್ನಬಸವ್ವನ ಮುಖ ಮತ್ತೆ ಸುಟ್ಟಂತಾಯಿತು. ಕಾಡಪ್ಪ ಅದನ್ನು ಕಂಡ. ಇಷ್ಟೆಲ್ಲ ಆದ ಮೇಲೂ ಆ ಕೊಳ್ಳಿ ಆರಿರಲಿಲ್ಲ. ಆದರೆ ಅವಳು ಚೀಲವನ್ನು ಸರಿಪಡಿಸಿ, “ಬಂದಾರ, ಮಲಗ್ರಿ,” ಎಂದಳು.

ಅವನು ನಿದ್ದೆ ಹೋದ ಮೇಲೆ ಅವಳು ಪ್ರಫುಲ್ಲಾಳ ಮುಂದೆ ಬಂದು ನಿಂತಳು. ಕೈ ಮುಗಿಯಲಿಲ್ಲ, ಕಾಲಿಗೆ ಬೀಳಲಿಲ್ಲ.

“ನಾ ಮಾಡಿದ್ದಕ್ಕ ನೀ ಜೇಲಿಗೆ ಹೋಗೂದು ಬ್ಯಾಡ. ಆಣಿ ಮುರದ ಪಾಪ ನನಗ ಇರಲಿ.” ಅವಳು ಕಾಡಪ್ಪನ ಕಡೆ ತಿರುಗಿದಳು. “ಸೋಮವಾರಕ್ಕೊಮ್ಮೆ ನಾಗೇಶ್ವರ ಗುಡ್ಯಾಗ ಭೆಟ್ಟಿ ಆಗತಿದ್ರು. ತಾವ ಬಂದ ಮಾತಾಡಸಿದ್ರು. ನನ್ನ ಗಂಡನ್ನೂ ಆಕಿ ಹಿಂಗ ಕಸಕೊಂಡಾಳ, ನಿನ್ನ ಗಂಡನ್ನರ ಉಳಿಸ್ಕೋ ಅಂತ ಕಣ್ಣೀರ ಹಾಕಿದ್ರು. ಸುಳ್ಳ ಗುಳಿಗಿ ತಾವ ಕೊಡತಿದ್ರು, ಖರೇವನ್ನ ತಾವ ಒಯ್ಯತಿದ್ರು. ದವಾಖಾನಿಗೆ ತಿರುಗಿ ಮುಟ್ಟಸ್ತೀನಿ ಅಂತ.”

“ಯಾರವರು?”

“ಡಾಕ್ಟರ ಮನಿಯವರು. ಪಂಕಜಾಕ್ಷಿ ಬಾಯಾರು.”

ದೇವದಾಸ್ ಸೂಜಿಯನ್ನು ತಟ್ಟೆಯಲ್ಲಿಡುತ್ತಿದ್ದವರು ಹಾಗೆಯೇ ನಿಂತರು.

“ಪಂಕಜಾಕ್ಷಿ ತೀರಿಹೋಗಿ ಎರಡು ವರ್ಷ ಆಯಿತು,” ಎಂದರು. “ಊರಲ್ಲಿ, ಹೆರಿಗೆಯಲ್ಲಿ.”

ಚನ್ನಬಸವ್ವ ಗೋಡೆಗೆ ಒರಗಿದಳು. ಕಾಡಪ್ಪ ಡಾಕ್ಟರನ್ನು ನೋಡುತ್ತಿರಲಿಲ್ಲ. ಅವನ ಕಣ್ಣು ಪ್ರಫುಲ್ಲಾಳ ಮೇಲಿತ್ತು. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ; ಹೆದರಿಕೆ ಇತ್ತು.

“ನೋಡಲಿಕ್ಕೆ ಹ್ಯಾಂಗ ಇದ್ಲು?” ಅವನು ಕೇಳಿದ.

“ಸಣ್ಣ ವಯಸ್ಸು. ಇಪ್ಪತ್ತನಾಕು, ಇಪ್ಪತ್ತೈದು. ಬೆಳ್ಳಗ. ಮಾತು ಈ ನರ್ಸಬಾಯಿ ಹಂಗ. ಉಂಟು, ಎಂತ ಅಂತ.”

“ಅವಳು ನನ್ನ ಹೆಸರು ಎಂತ ಹೇಳುತ್ತಿದ್ದಳು?” ಪ್ರಫುಲ್ಲಾ ಬಹಳ ಮೆಲ್ಲಗೆ ಕೇಳಿದಳು. “ಪ್ರಫುಲ್ಲಾ ಅಂತಲಾ?”

“ಹೌದ್ರಿ.” ಚನ್ನಬಸವ್ವ ತಡೆದಳು. “ಒಮ್ಮೆ ಮಾತ್ರ, ಅಳಕೋತ, ಬ್ಯಾರೆ ಏನೋ ಅಂದ್ಲು. ಪುಲ್ಲಕ್ಕ. ‘ಎಲ್ಲಾ ಪುಲ್ಲಕ್ಕನಿಗೇ ಸಿಕ್ಕಿತು’ ಅಂತ.”

ಪ್ರಫುಲ್ಲಾ ಕಿಟಕಿಯ ಕಡೆ ತಿರುಗಿದಳು.

“ನಿಮ್ಮನ್ನ ಹಂಗ ಕರಿಯೋರು ಎಷ್ಟ ಮಂದಿ ಅದಾರ?” ಕಾಡಪ್ಪ ಕೇಳಿದ.

“ಒಬ್ಬಳೇ,” ಎಂದಳು ಅವಳು. “ನನ್ನ ತಂಗಿ.” ಕೆಳಗೆ ಟಾಂಗಾ ನಿಂತ ಸದ್ದಾಯಿತು. ಬೂಟಿನ ಕಾಲುಗಳು ಮೆಟ್ಟಿಲು ಹತ್ತಿದವು. ಫೌಜದಾರ ಪ್ರಲ್ಹಾದರಾವ್ ಒದ್ದೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ.

“ಫೌಜದಾರ ಸಾಹೇಬ, ಒಂದ ನಿಮಿಷ,” ಎಂದು ಕಾಡಪ್ಪ ಮುಂದೆ ಬಂದ. “ಈ ಬಾಯಿದು ತಪ್ಪಿಲ್ಲ. ಗುಳಿಗಿ ಬದಲ ಮಾಡಿಸಿದ್ದು—”

“ನಾನೇ,” ಎಂದಳು ಪ್ರಫುಲ್ಲಾ.

ಅವಳು ನೋಟ್‌ಬುಕ್ಕನ್ನು ಕಾಡಪ್ಪನ ಕೈಯಿಂದ ಎಳೆದುಕೊಂಡಳು. ಚನ್ನಬಸವ್ವನ ಕಡೆ ನೋಡಲಿಲ್ಲ, ಡಾಕ್ಟರ ಕಡೆಯೂ ನೋಡಲಿಲ್ಲ. ಫೌಜದಾರನ ಎದುರು ಹೋಗಿ ನಿಂತು, ತಪ್ಪಿಲ್ಲದ ಮರಾಠಿಯಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

“ಈ ಅಕ್ಕನಿಗೆ ಏನೂ ಗೊತ್ತಿಲ್ಲ. ಮಾರ್ಫಿಯಾ ಕದ್ದದ್ದು ನಾನು. ಶುಕ್ರವಾರದ ಸೂಜಿಯನ್ನೂ ತಿಳಿದೇ ಕೊಟ್ಟೆ. ನಡೆಯಿರಿ.”